ಅರವತ್ತರ ಮೇಲೂ ನಡ ಗಟ್ಟಿ: ಆಪರೇಷನ್ ಇಲ್ಲದೆ ಸೊಂಟನೋವು ಪಳಗಿಸುವ 12 ಸೂತ್ರಗಳು

ಬೀದರ್, ಕಲಬುರಗಿ, ರಾಯಚೂರಿನ ಬಸ್ಸುಗಳು ಹೈದರಾಬಾದಿನ ಎಂಜಿಬಿಎಸ್ ನಿಲ್ದಾಣಕ್ಕೆ ಬಂದು ನಿಂತಾಗ ಒಂದು ಕೈಯಲ್ಲಿ ಎಂಆರ್‌ಐ ಕವರು, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ಇಳಿಯುವ ಹಿರಿಯರು ಕಾಣದ ದಿನವಿಲ್ಲ. ಪಂಜಾಗುಟ್ಟದ ನಿಮ್ಸ್ ಮೊದಲು ಶುರುವಾದದ್ದೇ ನಿಜಾಮರ ಹೆಸರಿನ ಮೂಳೆ ಆಸ್ಪತ್ರೆಯಾಗಿ. ಹಾಗಾಗಿ ಕಲ್ಯಾಣ ಕರ್ನಾಟಕದವರಿಗೆ ನಡ ಹಿಡಿದರೆ ಈ ಊರಿನ ದವಾಖಾನೆಯ ದಾರಿ ಹಳೆಯ ಪರಿಚಯ. ಕಾಚಿಗುಡ, ಬರ್ಕತ್‌ಪುರ, ನಾರಾಯಣಗುಡದಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ಮನೆಗಳಲ್ಲೂ ಕೇಳುವ ಪ್ರಶ್ನೆ ಒಂದೇ: "ಆಪರೇಷನ್ ಮಾಡಿಸಲೇಬೇಕೇನು?"

ಹೆಚ್ಚಿನವರಿಗೆ ಬೇಡ. ಹಾಗೆಂದು ಸುಮ್ಮನೆ ಮಲಗಿದರೂ ಆಗದು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದು ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ರೋಗಿಗೆ ತಿಳಿವಳಿಕೆ ಕೊಡುವುದು ಮತ್ತು ವ್ಯಾಯಾಮ ಮುಖ್ಯವಾದವು. ಹಿರಿಯರಿಗೂ ಅದು ಅನ್ವಯಿಸುತ್ತದೆ. ಕೆಳಗಿನ ಹನ್ನೆರಡು ಸೂತ್ರಗಳಿಗೆ ಹನ್ನೆರಡು ವಾರ ಕೊಡಿ.

1. ಮೊದಲು ಅಪಾಯದ ಲಕ್ಷಣ ತಿಳಿದುಕೊಳ್ಳಿ

ಕೆಲವು ನೋವುಗಳು ವ್ಯಾಯಾಮಕ್ಕೆ ಕಾಯುವುದಿಲ್ಲ. ಮೂತ್ರ ಕಟ್ಟಿಕೊಂಡರೆ, ತಿಳಿಯದೆ ಮಲ-ಮೂತ್ರ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ ಅದೇ ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇಲ್ಲಿ ಗಂಟೆಗಳ ಲೆಕ್ಕ, ವಾರಗಳದ್ದಲ್ಲ.

ಇನ್ನು ಕೆಲವು ಲಕ್ಷಣಗಳಿದ್ದರೆ ಒಂದೆರಡು ದಿನದಲ್ಲಿ ವೈದ್ಯರನ್ನು ಕಾಣಿ: ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಗ್ಗುಲು ಬದಲಿಸಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಸಣ್ಣಗೆ ಬಿದ್ದ ಮೇಲೆ ಶುರುವಾದ ತೀವ್ರ ನೋವು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಅಪರೂಪವಲ್ಲ. ಅದಕ್ಕೆ ಬೇಕಾದದ್ದು ಟಿಬಿ ಔಷಧ. ವ್ಯಾಯಾಮ ಅದನ್ನು ಗುಣಪಡಿಸದು.

2. ಎಂಆರ್‌ಐ ವರದಿಗೆ ಹೆದರಬೇಡಿ

"ಡಿಸ್ಕ್ ಬಲ್ಜ್, ಡೀಜನರೇಷನ್" ಎಂಬ ಸಾಲು ಓದಿದ ಕೂಡಲೇ ಹಾಸಿಗೆ ಹಿಡಿಯುವವರಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಸೊಂಟನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ಹರೆಯದಲ್ಲೇ ಶೇ 37ರಷ್ಟು ಜನರ ಡಿಸ್ಕ್ ಸವೆದಿತ್ತು. ಎಂಬತ್ತರ ವಯಸ್ಸಿನಲ್ಲಿ ಅದು ಶೇ 96. ಉಬ್ಬಿದ ಡಿಸ್ಕ್ ಎಂಬತ್ತರವರಲ್ಲಿ ಶೇ 84ರಷ್ಟು ಮಂದಿಗಿತ್ತು. ಅವರಾರಿಗೂ ನೋವಿರಲಿಲ್ಲ ಎಂಬುದನ್ನು ಮರೆಯಬೇಡಿ.

ಸವೆತ ತಲೆಗೂದಲು ನರೆತಷ್ಟೇ ಸಹಜ. ಚಿತ್ರದಲ್ಲಿ ಕಂಡದ್ದು ಮತ್ತು ನಿಮಗೆ ಆಗುತ್ತಿರುವುದು ಎರಡೂ ತಾಳೆಯಾದರೆ ಮಾತ್ರ ಆ ಸಾಲಿಗೆ ಬೆಲೆ. ವೈದ್ಯರನ್ನು ಹೀಗೆ ಕೇಳಿ: "ಈ ವರದಿಯಲ್ಲಿ ನನ್ನ ನೋವಿಗೆ ಸಂಬಂಧಿಸಿದ್ದು ಯಾವುದು, ವಯಸ್ಸಿನದು ಯಾವುದು?"

3. ನಿಮ್ಮ ಸೊಂಟ ಯಾವ ಕಡೆ ಬಾಗಿದರೆ ಹಿತ ಎಂದು ಗುರುತಿಸಿ

ಎಲ್ಲರಿಗೂ ಒಂದೇ ವ್ಯಾಯಾಮದ ಹಾಳೆ ಕೊಡುವ ಕಡೆ ಎಚ್ಚರ. ಹಿರಿಯರಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ, ಮೂರರ ದಾರಿಯೂ ಬೇರೆ.

ಮೊದಲನೆಯದು ನರ ಹಾಯುವ ಕೊಳವೆ ಇಕ್ಕಟ್ಟಾಗುವುದು, ಅಂದರೆ ಸ್ಟೆನೋಸಿಸ್. ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಭಾರವಾಗುತ್ತದೆ. ಕುಳಿತರೆ ಅಥವಾ ಸೂಪರ್‌ಮಾರ್ಕೆಟ್ಟಿನ ಟ್ರಾಲಿಯ ಮೇಲೆ ಬಾಗಿದರೆ ಹಗುರ. ಮುಂದೆ ಬಾಗಿದಾಗ ಆ ಕೊಳವೆ ಅಗಲವಾಗುವುದೇ ಇದಕ್ಕೆ ಕಾರಣ. ಇಂಥವರಿಗೆ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಸ್ಟ್ಯಾಂಡ್ ಸೈಕಲ್ ತುಳಿಯುವುದು ಒಗ್ಗುತ್ತದೆ. ಬಾಗದೆ, ಸುಮ್ಮನೆ ನಿಂತರೂ ಕಾಲು ನೋವು ಇಳಿದರೆ ತೊಂದರೆ ರಕ್ತನಾಳದ್ದಾಗಿರಬಹುದು. ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು ಸೇದುವವರು ಕಾಲಿನ ನಾಡಿ ತಪಾಸಣೆ ಮಾಡಿಸಬೇಕು.

ಎರಡನೆಯದು ಡಿಸ್ಕ್ ನೋವು. ಬಾಗಿದರೆ, ಹೆಚ್ಚು ಹೊತ್ತು ಕುಳಿತರೆ ನೋವು ಕಾಲಿಗೆ ಇಳಿಯುತ್ತದೆ. ಇವರಿಗೆ ಬೋರಲು ಮಲಗಿ ನಿಧಾನವಾಗಿ ಎದೆ ಎತ್ತುವುದು ಹಿತವಾಗಬಹುದು. ನ್ಯೂಜಿಲೆಂಡಿನ ಫಿಸಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ 1956ರಿಂದ ಬೆಳೆಸಿದ ಪದ್ಧತಿಯ ತಿರುಳು ಇಲ್ಲಿದೆ: ನೋವು ಕಾಲಿನಿಂದ ಮೇಲೇರಿ ಸೊಂಟಕ್ಕೆ ಬಂದು ನಿಂತರೆ ಒಳ್ಳೆಯ ಸೂಚನೆ, ಕೆಳಗಿಳಿದರೆ ಆ ವ್ಯಾಯಾಮ ನಿಲ್ಲಿಸಿ.

ಮೂರನೆಯದು ಟೊಳ್ಳಾದ ಮೂಳೆಯ ಬಿರುಕು. ಬಕೆಟ್ ಎತ್ತಿದಾಗ, ಆಟೋ ಸ್ಪೀಡ್‌ಬ್ರೇಕರ್ ಮೇಲೆ ಎಗರಿದಾಗ ತಟ್ಟನೆ ಬೆನ್ನು ನೋವು ಬರುತ್ತದೆ. ಎತ್ತರ ಕುಗ್ಗಿದೆ, ಬೆನ್ನು ಗೂನಾಗಿದೆ ಎಂದರೆ ಅನುಮಾನ ಇನ್ನಷ್ಟು ಗಟ್ಟಿ. ಇಂಥವರು ಮುಂದೆ ಬಾಗುವ ವ್ಯಾಯಾಮ ಮಾಡಲೇಬಾರದು. ಅಮೆರಿಕದ ಮೇಯೊ ಕ್ಲಿನಿಕ್ 1984ರಲ್ಲಿ ಮೂಳೆ ಟೊಳ್ಳಾದ 59 ಮಹಿಳೆಯರ ಅಧ್ಯಯನ ಪ್ರಕಟಿಸಿತು. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89ರಷ್ಟು ಮಂದಿಗೆ ಹೊಸ ಬಿರುಕು ಕಂಡಿತು. ಬೆನ್ನನ್ನು ಹಿಂದಕ್ಕೆ ನೆಟ್ಟಗಾಗಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ 16 ಮಾತ್ರ. ಯೋಗ ತರಗತಿಗೆ ಹೋಗುವವರು ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳನ್ನು ಕೈಬಿಡುವಂತೆ ಗುರುಗಳಿಗೆ ಮೊದಲೇ ಹೇಳಿ.

4. ಹಾಸಿಗೆಗೂ ಹೆದರಿಕೆಗೂ ಗಡುವು ಹಾಕಿ

ನೋವು ಕೆರಳಿದಾಗ ಒಂದೆರಡು ದಿನ ಒರಗುವುದು ತಪ್ಪಲ್ಲ. ಅದಕ್ಕಿಂತ ಹೆಚ್ಚಾದರೆ ನಷ್ಟ. 1995ರಲ್ಲಿ ಪ್ರಕಟವಾದ ಹೆಲ್ಸಿಂಕಿಯ ಅಧ್ಯಯನದಲ್ಲಿ ಹಾಸಿಗೆ ವಿಶ್ರಾಂತಿ ಪಡೆದವರಿಗಿಂತ, ನೋವು ಸಹಿಸುವಷ್ಟರ ಮಟ್ಟಿಗೆ ದಿನಗೆಲಸ ಮುಂದುವರಿಸಿದವರು ಬೇಗ ಚೇತರಿಸಿಕೊಂಡರು. ಮುದಿ ವಯಸ್ಸಿನಲ್ಲಿ ಒಂದು ವಾರ ಮಲಗಿದರೆ ಕಳೆದುಹೋಗುವ ತೊಡೆಯ ಬಲ ಮರಳಿ ಬರಲು ಹಲವು ವಾರ ಬೇಕು.

ಹೆದರಿಕೆಯದೂ ಇದೇ ಕತೆ. "ಬಾಗಿದರೆ ಮುರಿಯುತ್ತದೆ" ಎಂದು ದಿನವಿಡೀ ಸೊಂಟ ಬಿಗಿಹಿಡಿದು ಓಡಾಡಿದರೆ ಸ್ನಾಯುಗಳು ಇನ್ನಷ್ಟು ನೋಯುತ್ತವೆ. 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಚಲನೆಯ ಜೊತೆಗೆ ಭಯ, ನಿದ್ರೆ, ಬದುಕಿನ ಒತ್ತಡಗಳ ಬಗ್ಗೆಯೂ ಮಾತಾಡುವ ಫಿಸಿಯೊಥೆರಪಿಯನ್ನು 492 ಜನರ ಮೇಲೆ ಪರೀಕ್ಷಿಸಿತು. ಏಳು ಭೇಟಿ, ಆರು ತಿಂಗಳಾದ ಮೇಲೆ ಇನ್ನೊಂದು. ಅದರ ಫಲ ಒಂದು ವರ್ಷದ ನಂತರವೂ ಉಳಿದಿತ್ತು. ಮಕ್ಕಳು ಅಮೆರಿಕದಲ್ಲಿ, ಮನೆಯಲ್ಲಿ ಇಬ್ಬರೇ, ರಾತ್ರಿ ನಿದ್ದೆಯಿಲ್ಲ ಎಂಬುದನ್ನೂ ಫಿಸಿಯೊ ಮುಂದೆ ಹೇಳಿಕೊಳ್ಳಿ. ಅದೂ ಚಿಕಿತ್ಸೆಗೆ ಬೇಕಾದ ವಿಷಯವೇ.

5. ಗುರಿಯನ್ನು ಕೆಲಸದ ರೂಪದಲ್ಲಿ ಬರೆಯಿರಿ

"ನೋವು ಪೂರ್ತಿ ಹೋಗಬೇಕು" ಎಂಬ ಗುರಿ ನಿರಾಸೆ ತರುತ್ತದೆ. "ಬರ್ಕತ್‌ಪುರದ ಮನೆಯಿಂದ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ನಡೆದು ಹೋಗಿ, ಎರಡು ಗಂಟೆ ಕುಳಿತು ಬರಬೇಕು" ಎಂದು ಬರೆಯಿರಿ. ಇದನ್ನು ಅಳೆಯಬಹುದು, ಸಾಧಿಸಬಹುದು.

ಅಳತೆಗೆ ಸುಲಭದ ಪರೀಕ್ಷೆಯೊಂದಿದೆ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯ ಪ್ರಕಾರ 65ರಿಂದ 69ರ ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸಾಲದು, ಬೀಳುವ ಅಪಾಯವಿದೆ. ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ವಾರಕ್ಕೊಮ್ಮೆ ಮತ್ತೆ ಎಣಿಸಿ.

6. ನಾಲ್ಕು ವ್ಯಾಯಾಮ ಸಾಕು, ಬಿಡದೆ ಮಾಡಿ

ಇಪ್ಪತ್ತು ಆಸನಗಳ ಪಟ್ಟಿ ಮೂರನೇ ದಿನಕ್ಕೇ ಕೈಬಿಟ್ಟುಹೋಗುತ್ತದೆ. ಈ ನಾಲ್ಕನ್ನು ಫಿಸಿಯೊ ಮುಂದೆ ಒಮ್ಮೆ ಮಾಡಿ ತೋರಿಸಿ, ಅವರು ಸರಿ ಎಂದರೆ ಮನೆಯಲ್ಲಿ ಹಿಡಿದುಕೊಳ್ಳಿ:

• ಕುರ್ಚಿಯಿಂದ ಏಳುವುದು: 8 ಸಲ, ಎರಡು ಸುತ್ತು. ಕಷ್ಟವೆನಿಸಿದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರಿಸಿ.

• ಸೇತುವೆ: ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತಿ 5 ಸೆಕೆಂಡು ಹಿಡಿಯುವುದು. 8 ಸಲ. ನೆಲಕ್ಕೆ ಇಳಿಯಲಾಗದಿದ್ದರೆ ಗಟ್ಟಿ ಮಂಚದ ಮೇಲೆ ಮಾಡಬಹುದು.

• ಅಡುಗೆ ಕಟ್ಟೆ ಹಿಡಿದು ಒಂದೊಂದೇ ಕಾಲನ್ನು ನೇರವಾಗಿ ಹಿಂದಕ್ಕೆ ಎತ್ತುವುದು. ಸೊಂಟ ಕುಸಿಯಬಾರದು. ಎರಡೂ ಕಾಲಿಗೆ 8 ಸಲ.

• ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲುವುದು.

ಉಸಿರು ಕಟ್ಟಬೇಡಿ, ಬಿಪಿ ಏರುತ್ತದೆ. 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲದ, ಮೂರು ದಿನ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ನಾಲ್ಕರಲ್ಲಿ ಎರಡೂ ಅಡಗಿವೆ.

ನೋವಾದರೆ? ಮಾಡುವಾಗ ಸ್ವಲ್ಪ ನೋಯುವುದು ಸಹಜ. ಮರುದಿನ ಬೆಳಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಅಷ್ಟನ್ನೇ ಮುಂದುವರಿಸಿ. ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ.

7. ನಡಿಗೆಯನ್ನು ಔಷಧದಂತೆ ಅಳೆದು ತೆಗೆದುಕೊಳ್ಳಿ

ಆಸ್ಟ್ರೇಲಿಯಾದ ಮ್ಯಾಕ್ವೈರಿ ವಿಶ್ವವಿದ್ಯಾಲಯದ ತಂಡ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಅಧ್ಯಯನವನ್ನು 2024ರಲ್ಲಿ ಪ್ರಕಟಿಸಿತು. ಮೆಲ್ಲಗೆ ಹೆಚ್ಚಿಸುತ್ತ ವಾರಕ್ಕೆ ಐದು ದಿನ, 30 ನಿಮಿಷದ ನಡಿಗೆಯತ್ತ ಸಾಗಿದವರಲ್ಲಿ ನೋವು ಮರುಕಳಿಸುವವರೆಗಿನ ಮಧ್ಯಮ ಅವಧಿ 208 ದಿನ. ನಡಿಗೆಯ ಕಾರ್ಯಕ್ರಮವಿಲ್ಲದವರಲ್ಲಿ 112 ದಿನ. ಖರ್ಚು ಒಂದು ಜೊತೆ ಒಳ್ಳೆಯ ಬೂಟು.

ಹೈದರಾಬಾದಿನ ಫುಟ್‌ಪಾತ್‌ಗಳನ್ನು ನಂಬುವುದಕ್ಕಿಂತ ಬಾಗ್‌ಲಿಂಗಂಪಲ್ಲಿಯ ಸುಂದರಯ್ಯ ಪಾರ್ಕ್, ದೋಮಲ್‌ಗುಡದ ಇಂದಿರಾ ಪಾರ್ಕ್, ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್ ವಾಸಿ. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗ್ಗೆ ಏಳರೊಳಗೆ ಮುಗಿಸಿ. ಸ್ಟೆನೋಸಿಸ್ ಇದ್ದವರು ಕಾಲು ಪೂರ್ತಿ ಸೋಲುವವರೆಗೆ ಕಾಯದೆ ಐದು ನಿಮಿಷ ನಡೆದು, ಬೆಂಚಿನ ಮೇಲೆ ಒಂದು ನಿಮಿಷ ಮುಂದೆ ಬಾಗಿ ಕುಳಿತು, ಮತ್ತೆ ನಡೆಯಲಿ. ಐದೈದು ನಿಮಿಷದ ಕಂತುಗಳನ್ನು ಕೂಡಿಸಿದರೂ ಅರ್ಧ ಗಂಟೆಯೇ.

8. ಯಂತ್ರ ನೋಡಿ ಅಲ್ಲ, ಕಲಿಸುವುದು ನೋಡಿ ಫಿಸಿಯೊ ಆರಿಸಿ

ಕೋಠಿಯ ಅಂಗಡಿಯಿಂದ ತಂದ ಬೆಲ್ಟು, ಸೊಂಟ ಎಳೆಯುವ ಟ್ರಾಕ್ಷನ್, ಅಲ್ಟ್ರಾಸೌಂಡ್, ಕರೆಂಟು ಕೊಡುವ ಟೆನ್ಸ್ ಯಂತ್ರ ಇವ್ಯಾವುವನ್ನೂ ದೀರ್ಘಕಾಲದ ಸೊಂಟನೋವಿಗೆ ವಾಡಿಕೆಯ ಚಿಕಿತ್ಸೆಯಾಗಿ ಬಳಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ಬಿಸಿ ಶಾಖ ಕೊಟ್ಟರೆ ಹಾಯೆನಿಸಬಹುದು. ಆ ಹಾಯಾದ ಹೊತ್ತಿನಲ್ಲಿ ವ್ಯಾಯಾಮ ಮಾಡಿದರೆ ಅದಕ್ಕೂ ಅರ್ಥ.

ಮೊದಲ ಭೇಟಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ: ನಿಮ್ಮದು ಬಿಪಿಟಿ ಪದವಿಯೇ? ನನ್ನ ನೋವು ಯಾವ ಬಗೆಯದು? ಮನೆಯಲ್ಲಿ ನಾನೇ ಮಾಡಬೇಕಾದ್ದೇನು? ಎಷ್ಟು ಭೇಟಿಯ ನಂತರ ನೀವು ಬೇಕಾಗುವುದಿಲ್ಲ? ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ಬೇರೆ ಬಾಗಿಲು ನೋಡಿ.

9. ಮಾತ್ರೆಯ ಡಬ್ಬಿಗೆ ಲೆಕ್ಕ ಇಡಿ

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕೆಲವು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ಬಿಪಿ ಏರಿಕೆ, ಹೃದಯಕ್ಕೂ ಅಪಾಯ. ಬಿಪಿ, ಸಕ್ಕರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಪೂರ್ತಿ ಪಟ್ಟಿ ತೋರಿಸದೆ ಒಂದನ್ನೂ ಸೇರಿಸಬಾರದು. ಸ್ನಾಯು ಸಡಿಲಿಸುವ ಮಾತ್ರೆ, ಪ್ರೆಗಬಾಲಿನ್, ಟ್ರಮಡಾಲ್ ತಲೆ ತಿರುಗಿಸುತ್ತವೆ. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದರೆ ಸೊಂಟನೋವಿನ ಜೊತೆಗೆ ಸೊಂಟದ ಮುರಿತವೂ ಸೇರುತ್ತದೆ.

ಬಡಾವಣೆಯ ಆರ್‌ಎಂಪಿ ಕೊಡುವ "ಒಂದೇ ಸೂಜಿಗೆ ಆರಾಮ" ಎಂಬ ಇಂಜೆಕ್ಷನ್‌ನಲ್ಲಿ ಸ್ಟೆರಾಯ್ಡ್ ಇರಬಹುದು. ಪದೇ ಪದೇ ಹಾಕಿಸಿಕೊಂಡರೆ ಸಕ್ಕರೆ ಏರುತ್ತದೆ, ಮೂಳೆ ಇನ್ನಷ್ಟು ಟೊಳ್ಳಾಗುತ್ತದೆ. ಹೆಸರು ಬರೆದುಕೊಡದ ಸೂಜಿ, ಪುಡಿ, ಗುಳಿಗೆ ಯಾವುದೂ ಬೇಡ.

10. ತಟ್ಟೆಯಲ್ಲಿ ಮೂಳೆಗೂ ಸ್ನಾಯುವಿಗೂ ಪಾಲಿಡಿ

ತಾರ್ನಾಕದ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಜೋಳದಲ್ಲಿ 30ಕ್ಕೂ ಕಡಿಮೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 1,000 ಮಿಲಿಗ್ರಾಂ. ಜೋಳದ ರೊಟ್ಟಿ ಬಿಡಬೇಕಿಲ್ಲ. ಅದರ ಪಕ್ಕಕ್ಕೆ ಮೊಸರು, ಎಳ್ಳಿನ ಹಿಂಡಿ, ಸೊಪ್ಪಿನ ಪಲ್ಯ ಬರಲಿ, ಬೆಳಗ್ಗೆ ರಾಗಿ ಅಂಬಲಿ ಇರಲಿ.

ಪ್ರೋಟೀನ್ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಅನ್ನ-ತಿಳಿಸಾರಿನಿಂದ ಅದು ತುಂಬದು. ಬೇಳೆ ಗಟ್ಟಿಯಾಗಲಿ, ಕಾಳು, ಶೇಂಗಾ, ಹಾಲು, ತಿನ್ನುವವರಿಗೆ ಮೊಟ್ಟೆ ಸೇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಹೆಚ್ಚಿಸಬೇಕು. ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಗುಳಿಗೆಯನ್ನು ಕೊನೆಯಿಲ್ಲದೆ ನುಂಗಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. 65 ದಾಟಿದ ಹೆಂಗಸರು ಒಮ್ಮೆ ಡೆಕ್ಸಾ ಸ್ಕ್ಯಾನ್‌ನಲ್ಲಿ ಮೂಳೆಯ ಸಾಂದ್ರತೆ ನೋಡಿಸಿಕೊಳ್ಳುವುದು ಜಾಣತನ.

11. ಮನೆ ಮತ್ತು ಪಯಣ ಎರಡನ್ನೂ ಸೊಂಟಕ್ಕೆ ಹೊಂದಿಸಿ

ಬಚ್ಚಲಿನಲ್ಲಿ ಹಿಡಿಕೆ, ಕುಳಿತು ಸ್ನಾನ ಮಾಡಲು ಸ್ಟೂಲು, ಬಕೆಟ್ ಬದಲು ಕೈಷವರ್, ಕಮೋಡ್ ಬಳಕೆ. ಮೊದಲು ಮಾಡಿಸಬೇಕಾದವು ಇವು. 20 ಲೀಟರ್ ನೀರಿನ ಕ್ಯಾನನ್ನು ಎತ್ತುವುದು ಹಿರಿಯರ ಕೆಲಸವಲ್ಲ, ಪಂಪ್ ಹಾಕಿಸಿ. ಪೂಜೆ, ನಮಾಜು, ಸೊಪ್ಪು ಬಿಡಿಸುವುದು ಕುರ್ಚಿಯ ಮೇಲೆ ಆಗಲಿ. ಆದರೆ ನೆಲದಿಂದ ಏಳುವುದನ್ನು ಫಿಸಿಯೊ ಬಳಿ ಕಲಿತಿಟ್ಟುಕೊಳ್ಳಿ. ಬಿದ್ದ ದಿನ ಅದು ಕೈಹಿಡಿಯುತ್ತದೆ.

ಬೀದರಿನಿಂದ ಸುಮಾರು 140 ಕಿ.ಮೀ., ಕಲಬುರಗಿಯಿಂದ ಸುಮಾರು 220 ಕಿ.ಮೀ. ಬರುವವರು ಬಸ್ಸಿನ ಹಿಂಬದಿ ಸೀಟು ಹಿಡಿಯಬೇಡಿ, ಕುಲುಕಾಟ ಅಲ್ಲೇ ಹೆಚ್ಚು. ಮಧ್ಯದ ಸೀಟು, ಸೊಂಟದ ಹಿಂದೆ ಸುತ್ತಿದ ಟವೆಲು, ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ. ಎಂಜಿಬಿಎಸ್‌ನಲ್ಲಿ ಇಳಿದ ಮೇಲೆ ಆಟೋ ಹಿಡಿಯುವ ಬದಲು ಮೆಟ್ರೋ ರೆಡ್ ಲೈನ್ ಹತ್ತಿ. ಪಂಜಾಗುಟ್ಟಕ್ಕೆ ನೇರ ದಾರಿ, ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಗುಂಡಿಗಳ ಕಾಟವಿಲ್ಲ.

12. ಆಪರೇಷನ್ ಮಾತನ್ನು ಸರಿಯಾದ ಹೊತ್ತಿಗೆ, ಸರಿಯಾದ ಪ್ರಶ್ನೆಯೊಂದಿಗೆ ಎತ್ತಿ

ಶಸ್ತ್ರಚಿಕಿತ್ಸೆಯನ್ನು ಶತ್ರುವೆಂದುಕೊಳ್ಳಬೇಕಿಲ್ಲ. 2015ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್‌ನ ಅಧ್ಯಯನದಲ್ಲಿ ಸ್ಟೆನೋಸಿಸ್‌ಗೆ ಆಪರೇಷನ್ ಮಾಡಿಸಲು ಒಪ್ಪಿದ್ದ 169 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಫಿಸಿಯೊಥೆರಪಿ. ಎರಡು ವರ್ಷದ ನಂತರ ಎರಡೂ ಗುಂಪಿನ ದೈಹಿಕ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಫಿಸಿಯೊ ಗುಂಪಿನ ಶೇ 57ರಷ್ಟು ಮಂದಿ ಆ ಅವಧಿಯಲ್ಲೇ ಆಪರೇಷನ್‌ಗೆ ಹೋದರು. ಹಾಗಾಗಿ ಮೊದಲು ವ್ಯಾಯಾಮಕ್ಕೆ ಮನಸ್ಸಿಟ್ಟು ಅವಕಾಶ ಕೊಡಿ. ಸಾಲದಿದ್ದರೆ ಮುಂದಿನ ಬಾಗಿಲು ತೆರೆದೇ ಇರುತ್ತದೆ.

ಹನ್ನೆರಡು ವಾರದ ನಂತರವೂ ನಡೆಯುವ ದೂರ ಕುಗ್ಗುತ್ತಲೇ ಇದ್ದರೆ, ಕಾಲಿನ ಬಲ ಇಳಿಯುತ್ತಿದ್ದರೆ ಶಸ್ತ್ರವೈದ್ಯರನ್ನು ಕಾಣಿ. "ಇಕ್ಕಟ್ಟು ಬಿಡಿಸುವ ಶಸ್ತ್ರಚಿಕಿತ್ಸೆ ಮಾತ್ರ ಸಾಕೇ, ಸ್ಕ್ರೂ ಹಾಕಿ ಮೂಳೆ ಬೆಸೆಯುವುದೂ ಬೇಕೇ? ಏಕೆ?" ಎಂದು ಕೇಳಿ. 2016ರ ಸ್ವೀಡನ್ ಅಧ್ಯಯನದಲ್ಲಿ 50ರಿಂದ 80ರ ವಯಸ್ಸಿನ 247 ಸ್ಟೆನೋಸಿಸ್ ರೋಗಿಗಳಿದ್ದರು. ಬೆಸುಗೆ ಸೇರಿಸಿದ್ದರಿಂದ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಹಣದ ಲೆಕ್ಕವನ್ನೂ ಕಣ್ತೆರೆದು ನೋಡಿ. 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ ₹5 ಲಕ್ಷದ ರಕ್ಷಣೆ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ವಾರಕ್ಕೆರಡು ಸಲ ಹೋಗಿಬರುವ ವ್ಯಾಯಾಮಕ್ಕಲ್ಲ. ಆಪರೇಷನ್ ಉಚಿತ, ವ್ಯಾಯಾಮಕ್ಕೆ ಕೈಯಿಂದ ಖರ್ಚು ಎಂಬ ಈ ತಲೆಕೆಳಗಾದ ಲೆಕ್ಕವೇ ಎಷ್ಟೋ ಮನೆಗಳ ತೀರ್ಮಾನವನ್ನು ಬದಲಿಸುತ್ತದೆ. ಸರ್ಕಾರಿ ಆಸ್ಪತ್ರೆಯ ಫಿಸಿಯೊ ವಿಭಾಗದಲ್ಲಿ ಕಡಿಮೆ ಖರ್ಚಿನಲ್ಲಿ ಕಲಿತು, ಮನೆಯಲ್ಲಿ ಮುಂದುವರಿಸುವುದು ಇದಕ್ಕೆ ಸುಲಭದ ಉಪಾಯ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಹತ್ತಿರದ ಸೌಲಭ್ಯಗಳ ಮಾಹಿತಿ ಕೇಳಬಹುದು. 2017ರಲ್ಲಿ ಈ ಸೇವೆಯ ಬೀಜ ಬಿತ್ತಿದ್ದೂ ಹೈದರಾಬಾದಿನಲ್ಲೇ.

ಮುಂದಿನ ಹನ್ನೆರಡು ವಾರಕ್ಕೆ ಕೆಲಸ ಇಷ್ಟೇ: ಇವತ್ತು ಕುರ್ಚಿ ಪರೀಕ್ಷೆ, ನಾಳೆ ಬೆಳಗ್ಗೆ ಐದು ನಿಮಿಷದ ನಡಿಗೆ, ಈ ವಾರದೊಳಗೆ ಒಬ್ಬ ಫಿಸಿಯೊ ಭೇಟಿ. ಶಸ್ತ್ರವೈದ್ಯರ ಮುಂದೆ ಕೂರುವ ದಿನ ಬಂದರೂ ಎಂಆರ್‌ಐ ಕವರಿನ ಜೊತೆಗೆ ನೀವು ಬರೆದಿಟ್ಟ ಸಂಖ್ಯೆಗಳ ಹಾಳೆಯನ್ನೂ ಮುಂದಿಡಿ. ನಿಮ್ಮ ಸೊಂಟ ಏನು ಮಾಡಬಲ್ಲುದು ಎಂಬುದನ್ನು ತಿಳಿಸುವುದು ಆ ಹಾಳೆ.